ಶಾಪಕ್ಕೆ ಕೊಟ್ಟ ಹೆಸರು

"ಡಿಶ್ಶು ಬಗ್ಗೋಗಿದೆ ಮೇಡಂ. ಇನ್ನೇನೂ ಮಾಡೋಕಾಗಲ್ಲ. ನೈರೋಬಿಯಿಂದ ಬೇರೇದು ತರಿಸ್ಬೇಕು," ಎಂದು ಊಕೊ ಟವರಿನ ಕೊನೆಯ ಮೂರು ಮೆಟ್ಟಿಲುಗಳನ್ನು ಒಮ್ಮೆಗೇ ಹಾರಿ ಇಳಿದ. ನಲವತ್ತೆಂಟನೆಯ ವಯಸ್ಸಿನಲ್ಲೂ ಹಾಗೆ ಹಾರುವುದು ಅವನಿಗೊಂದು ಹೆಮ್ಮೆ. 'ಮೇಡಂ' ಎನ್ನುವಾಗ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳನ್ನು ಉಗುಳಿದ ಹಾಗೆ ಉಗುಳುತ್ತಿದ್ದ.

ಬೇಲಿಯ ಹೊರಗೆ ನಿಂತಿದ್ದ ಅದೊಂಗೊ ತಂತಿಯ ಸಂದಿಯಿಂದ ಅವನ ಕೈಯ ಮೀಟರು ತೆಗೆದುಕೊಂಡಳು. "ಎಷ್ಟು ಬಂತು?"

"ಒಂದೂವರೆ ವೋಲ್ಟು."

"ಲೆಕ್ಕದ ಪ್ರಕಾರ ಮೂರು ಬರಬೇಕು."

"ಲೆಕ್ಕ ಕಾಗದದ ಮೇಲಿರತ್ತೆ. ನಾನು ಮೇಲೆ ಗಾಳೀಲಿದ್ದೆ. ಆ ಕಡೆ ತಿರುಗಿಸಿದ್ರೂ ಕಮ್ಮಿಯಾಗತ್ತೆ, ಈ ಕಡೆ ತಿರುಗಿಸಿದ್ರೂ ಕಮ್ಮಿಯಾಗತ್ತೆ. ಅದಕ್ಕಿಂತ ಮೇಲಕ್ಕೆ ಹೋಗಲ್ಲ. ಇಪ್ಪತ್ತು ವರ್ಷದಿಂದ ಹತ್ತಾ ಇದ್ದೀನಿ."

ಅದೊಂಗೊ ತಲೆಯೆತ್ತಿ ನೋಡಿದಳು. ನಲವತ್ತೈದು ಮೀಟರ್ ಎತ್ತರದಲ್ಲಿ ಬಿಳಿಯ ಡಿಶ್ಶು ಸರೋವರದ ಆಚೆಗಿನ ದಡಕ್ಕೆ ಮುಖ ಮಾಡಿ ನಿಂತಿತ್ತು. ನಾಲ್ಕು ದಿನಗಳ ಹಿಂದಿನ ಬಿರುಗಾಳಿ ಅದನ್ನು ಸ್ವಲ್ಪ ತಿರುಗಿಸಿತ್ತು, ಅಷ್ಟೆ. ಆ ಸ್ವಲ್ಪಕ್ಕೇ ಕಿಬುವೊ ದ್ವೀಪದಲ್ಲಿ ಒಂದು ಫೋನೂ ಹೊಡೆದುಕೊಂಡಿರಲಿಲ್ಲ. ದಡದಲ್ಲಿ ಮೀನಿನ ವ್ಯಾಪಾರದ ಹೆಂಗಸರು ಯಾವ ದೋಣಿ ಎಲ್ಲಿದೆಯೋ ತಿಳಿಯದೆ, ಒಮೆನಾ ಮೀನನ್ನು ಬಲೆಗಳ ಮೇಲೆ ಹರವಿಕೊಂಡು ನೊಣ ಓಡಿಸುತ್ತ ಕೂತಿದ್ದರು.

"ಡಿಶ್ಶು ಬಗ್ಗಿಲ್ಲ ಊಕೊ ಅಣ್ಣ," ಎಂದಳು ಅವಳು. "ನಿಮಗೆ ಸಿಕ್ಕಿರೋದು ಸಿಗ್ನಲ್ಲಿನ ಪಕ್ಕದ ಕಿರಣ. ನಡುವೆ ದೊಡ್ಡದೊಂದಿದ್ರೆ ಅದರ ಎರಡೂ ಪಕ್ಕ ಚಿಕ್ಕಚಿಕ್ಕವು ಇರ್ತವೆ. ದೊಡ್ಡ ಗುಡ್ಡ ಅಂದ್ಕೊಂಡು ಪಕ್ಕದ ದಿಬ್ಬದ ಮೇಲೆ ನಿಂತ ಹಾಗೆ. ಅಲ್ಲಿಂದ ಯಾವ ಕಡೆ ಹೋದ್ರೂ ಇಳಿಜಾರೇ. ಇಳಿದು, ತಗ್ಗು ದಾಟಿ, ಇನ್ನೂ ಮುಂದಕ್ಕೆ ಹೋಗಬೇಕು."

"ಮುಂದಕ್ಕೆ ಹೋಗಿ ಪೂರ್ತಿ ಕಳ್ಕೊಂಡ್ರೆ?"

"ಕಳ್ಕೊಳ್ಳೋಕೆ ಏನಿದೆ? ನಾಲ್ಕು ದಿನದಿಂದ ಸತ್ತೇ ಬಿದ್ದಿದೆ."

ಊಕೊ ಬೆಲ್ಟು ಬಿಚ್ಚಿ ಹುಲ್ಲಿನ ಮೇಲೆ ಎಸೆದ. "ನನ್ನ ಭುಜ ಹಿಡ್ಕೊಂಡಿದೆ. ಇವತ್ತಿಗೆ ಇನ್ನೊಂದ್ಸಲ ಹತ್ತೋಕಾಗಲ್ಲ. ಅಷ್ಟು ಗೊತ್ತಿದ್ರೆ ನೀವೇ ಹತ್ತಿ ದಾಟಿಸಿ." ಹೀಗೆಂದು ಬೇಲಿಯ ಬಾಗಿಲ ಕಡೆ ನೋಡಿ ಮೀಸೆಯಲ್ಲೇ ನಕ್ಕ.

ಬಾಗಿಲಲ್ಲಿ, ಸರಿಯಾಗಿ ಎರಡು ಕಂಬಗಳ ನಡುವೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುದುಕ ಞಂಗ್ವೆಸೊ ಕೂತಿದ್ದ. ಗುಡ್ಡ ಅವನದು. ಟವರು ಕಂಪನಿಯದು, ಅದರ ಕೆಳಗಿನ ಮಣ್ಣು ಅವನದು. ಬೇಲಿಯಿಂದ ಇಪ್ಪತ್ತು ಹೆಜ್ಜೆ ಇಳಿದರೆ ಅವನ ಹಟ್ಟಿ: ಮೊದಲ ಹೆಂಡತಿಯ ಮನೆ, ತೀರಿಹೋದ ಎರಡನೆಯವಳ ಮನೆ, ಗಂಡುಮಕ್ಕಳ ಗುಡಿಸಲುಗಳು. ಟವರಿನ ಮೇಲೆ ನಿಂತವರಿಗೆ ಆ ಮಾಡುಗಳೆಲ್ಲ ಕಾಲ ಕೆಳಗೇ ಕಾಣುತ್ತಿದ್ದವು. ಮನೆಯ ಯಜಮಾನ ಬದುಕಿರುವಾಗ ಹೆಂಗಸು ಮಾಡಿಗಿಂತ ಮೇಲೆ ಏರಬಾರದು. ಏರಿದರೆ ಆ ಮನೆಗೆ ಚೀರಾ ಎಂಬ ಕೇಡು ತಗಲುತ್ತದೆ, ಮಕ್ಕಳು ಕಾರಣವಿಲ್ಲದೆ ಒಣಗಿ ಹೋಗುತ್ತವೆ. ಇದನ್ನು ಅಲ್ಲಿ ಯಾರಿಗೂ ಯಾರೂ ಕಲಿಸಬೇಕಾಗಿರಲಿಲ್ಲ. ಅಸೆಂಬೊದಲ್ಲಿ ಹುಟ್ಟಿದ ಅದೊಂಗೊ ಕೂಡ ನಡೆಯಲು ಕಲಿತಾಗಲೇ ಇದನ್ನೂ ಕಲಿತಿದ್ದಳು.

ಕಂಪನಿಯ ಕಡತದಲ್ಲೂ ಅದೇ ಇತ್ತು. ಬೆಳಿಗ್ಗೆ ಆಚೆ ದಡದಲ್ಲಿ ದೋಣಿಗೆ ಕಾಯುತ್ತಿದ್ದಾಗ ಕಿಸುಮುವಿನಿಂದ ಮ್ಯಾನೇಜರ್ ವಫೂಲಾ ಫೋನು ಮಾಡಿದ್ದ.

"ಕಡತದ ಮೊದಲನೇ ಪುಟ ಓದಿದ್ಯಾ?"

"ಓದಿದೆ ಸರ್. 'ಜಮೀನಿನವರ ಕೋರಿಕೆಯಂತೆ ಮಹಿಳಾ ಸಿಬ್ಬಂದಿ ಟವರು ಹತ್ತತಕ್ಕದ್ದಲ್ಲ.'"

"ಹಾಗೇ ನಡ್ಕೋ. ಊಕೊ ಹತ್ತಲಿ. ನೀನು ಕೆಳಗೆ ಕೂತು ವರದಿ ಬರಿ. ಲೀಡರ್ ಆದವಳು ಹತ್ತಬೇಕಾಗೂ ಇಲ್ಲ. ಸಾಯಂಕಾಲದೊಳಗೆ ಆಗಲಿಲ್ಲ ಅಂದ್ರೆ ನಾಳೆ ಬೇರೆ ತಂಡ ಕಳಿಸ್ತೀನಿ. ಸೋಮವಾರದಿಂದ ನೀನು ಆಫೀಸಲ್ಲಿ ಟೇಬಲ್ ಕೆಲಸ ನೋಡ್ಕೋ. ಅದೇ ನಿನಗೆ ಸುಖ."

ಅವಳು ತಂಡದ ಲೀಡರ್ ಆಗಿ ಹದಿನೆಂಟು ದಿನವಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ, ಗಂಡಸರು ಮೇಲೆ ಹತ್ತುವಾಗ ಅವಳು ಕೆಳಗಿನ ಕಬ್ಬಿಣದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಹತ್ತುವ ತರಬೇತಿಗೆ ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ, ಹೆಂಗಸರ ಅಳತೆಯ ಬೆಲ್ಟು ಇಲ್ಲ ಎಂಬ ಉತ್ತರ ಬಂತು. ನಾಲ್ಕನೆಯ ಸಲ ಅವಳು ತನ್ನದೇ ಬೆಲ್ಟು ಕೊಂಡು, ರಜೆ ಹಾಕಿ, ನೈರೋಬಿಗೆ ಹೋಗಿ ಪರೀಕ್ಷೆ ಪಾಸು ಮಾಡಿ ಬಂದು, ಪ್ರಮಾಣಪತ್ರವನ್ನು ವಫೂಲಾನ ಮೇಜಿನ ಮೇಲೆ ಅವನ ಚಹಾದ ಲೋಟದ ಪಕ್ಕದಲ್ಲಿಟ್ಟಿದ್ದಳು. ಅಂದಿನಿಂದ ಇಲ್ಲಿಯವರೆಗೆ ಇನ್ನೂರಕ್ಕೂ ಹೆಚ್ಚು ಸಲ ಹತ್ತಿದ್ದಳು.

ಈಗ ಅವಳು ಚೀಲದಿಂದ ಬೆಲ್ಟು ತೆಗೆದು ಕಾಲಿಗೆ ಹಾಕಿಕೊಳ್ಳತೊಡಗಿದಳು. ಊಕೊನ ಮೀಸೆಯ ನಗು ಅಲ್ಲೇ ನಿಂತಿತು.

"ತಮಾಷೆಗೆ ಹೇಳ್ದೆ," ಎಂದ.

"ನಾನು ತಮಾಷೆಗೆ ಹಾಕ್ಕೊಳ್ತಾ ಇಲ್ಲ. ನೀವು ಕೆಳಗೆ ಹಗ್ಗ ನೋಡ್ಕೊಳ್ಳಿ. ಲ್ಯಾಪ್‌ಟಾಪಲ್ಲಿ ಲೈನು ಬಂದ ತಕ್ಷಣ ಕೂಗಿ."

ಬಕಲುಗಳ ಶಬ್ದಕ್ಕೆ ಮುದುಕ ತಿರುಗಿದ. ತಿರುಗಿದರೂ ಕುರ್ಚಿಯಿಂದ ಏಳಲಿಲ್ಲ.

"ಆ ಪಟ್ಟಿ ಯಾರಿಗವ್ವಾ?"

"ನನಗೆ ಅಜ್ಜಾ."

"ನಿನಗಾ? ನಿಮ್ಮ ಆಫೀಸ್ನೋರು ಹೇಳಿಲ್ವಾ?"

"ಹೇಳಿದ್ದಾರೆ."

"ಹೇಳಿದ್ ಮ್ಯಾಕೂ?" ಮುದುಕ ತನ್ನ ಕೋಲನ್ನು ಎರಡು ಕಂಬಗಳಿಗೂ ಅಡ್ಡವಾಗಿ ತೊಡೆಯ ಮೇಲಿಟ್ಟುಕೊಂಡ. "ನಿನಗೆ ಅಪ್ಪ ಇಲ್ವಾ?"

"ತೀರಿಕೊಂಡಿದ್ದಾರೆ."

"ಗಂಡ?"

"ಇಲ್ಲ."

"ಅದ್ಕೇ ಮತ್ತೆ. ಹಿಡ್ಕಳೋರಿಲ್ಲ."

"ಗಂಡ ಇದ್ದಿದ್ರೆ ಅವನನ್ನೂ ಊಕೊ ಅಣ್ಣನ ಪಕ್ಕದಲ್ಲಿ ಹಗ್ಗ ಹಿಡ್ಕೊಳ್ಳೋಕೆ ನಿಲ್ಲಿಸ್ತಿದ್ದೆ, ಅಜ್ಜಾ."

ಊಕೊ ಕೆಮ್ಮಿದ. ಮುದುಕ ನಗಲಿಲ್ಲ. ಅವನ ದನಿ ಸಣ್ಣದಾಯಿತು.

"ನೋಡವ್ವಾ. ನಾನು ಹಟಕ್ಕೆ ಯೋಳ್ತಿಲ್ಲ. ನನ್ನ ಮೊಮ್ಮಗನ ಹೆಂಡ್ತಿ ತುಂಬಿದ ಬಸುರಿ. ಮೊನ್ನೆ ನೋವು ಸುರುವಾಯ್ತು, ಮಗು ಅಡ್ಡ ಬಂದದೆ ಅಂದ್ಳು ನರ್ಸಮ್ಮ. ಆಸ್ಪತ್ರೆ ದೋಣಿ ಕರೆಯಾನ ಅಂದ್ರೆ ಫೋನಿಲ್ಲ. ಮೊಮ್ಮಗನೇ ಮೀನಿನ ದೋಣೀಲಿ, ಬಲೆ ಮ್ಯಾಲೆ ಮಲಗಿಸ್ಕಂಡು ಹೋದ. ಬದುಕವ್ಳೋ, ಮಗು ಅದೋ ಇಲ್ವೋ, ಒಂದ್ ಸುದ್ದಿ ಇಲ್ಲ. ಅವಳು ಅಲ್ಲಿ ಹಂಗೆ ಮಲಗಿರುವಾಗ ನೀನು ಇಲ್ಲಿ ನನ್ನ ಮನೆ ತಲೆ ಮ್ಯಾಲೆ ಹತ್ತುತೀನಿ ಅಂತೀಯ. ಇವತ್ತೇ ಹತ್ಬೇಕಾ?"

ಅದೊಂಗೊ ಬಾಗಿಲ ಕುರ್ಚಿಯನ್ನು ನೋಡಿ, ಇವನು ತನ್ನ ಅಧಿಕಾರ ತೋರಿಸಲು ಕೂತಿದ್ದಾನೆ ಎಂದುಕೊಂಡಿದ್ದಳು. ಹಾಗಲ್ಲ, ಅವನು ಹೆದರಿದ್ದ. ಹೆದರಿದವನ ಜೊತೆ ವಾದ ಮಾಡುವುದು ಹಟಮಾರಿಯ ಜೊತೆ ಮಾಡುವುದಕ್ಕಿಂತ ಕಷ್ಟ. ಚೀರಾ ಸುಳ್ಳು ಎಂದು ಎದೆ ತಟ್ಟಿ ಹೇಳಲು ಅವಳಿಗೂ ಬಾಯಿ ಬರಲಿಲ್ಲ. ಅವಳ ತಾಯಿ ಈಗಲೂ ಹುಣಸೆಮರದ ಕೆಳಗೆ ಉಗುರು ಕತ್ತರಿಸುವುದಿಲ್ಲ.

"ಅದಕ್ಕೇ ಇವತ್ತೇ ಹತ್ತಬೇಕು ಅಜ್ಜಾ," ಎಂದಳು. "ಊಕೊ ಅಣ್ಣನ ಭುಜ ಹಿಡ್ಕೊಂಡಿದೆ. ಬೇರೆ ತಂಡ ಬರೋದು ನಾಳೆ, ಬಂದ್ರೆ. ಅವರೂ ಅದೇ ದಿಬ್ಬದ ಮೇಲೆ ನಿಂತು, ಡಿಶ್ಶು ಬಗ್ಗಿದೆ ಅಂದ್ರೆ ಹೊಸದು ಬರೋಕೆ ಹತ್ತು ದಿನ. ಅಲ್ಲಿವರೆಗೆ ನೀವು ಆ ಹುಡುಗಿ ಸುದ್ದಿ ಇಲ್ಲದೆ ಕೂತಿರ್ತೀರಾ?"

"ಕೂತಿರ್ತೀನಿ."

"ನಾನು ಕೂರಲ್ಲ."

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದು ಬಾಗಿಲ ಹತ್ತಿರ ಬಂದು ನಿಂತಳು. ಹಿರಿಯರ ಕಾಲು ದಾಟುವುದೂ ತಪ್ಪೇ.

"ಶಾಪ ಹಾಕೋದಾದ್ರೆ ಹಾಕಿ. ಅದೊಂಗೊ ಅನ್ನೋರು ಈ ಸೀಮೇಲಿ ಬೇಕಾದಷ್ಟು ಜನ ಇದ್ದಾರೆ, ತಪ್ಪಿ ಇನ್ನೊಬ್ಬಳಿಗೆ ತಗಲೋದು ಬೇಡ. ಸರಿಯಾಗಿ ಕೇಳಿಸ್ಕೊಳ್ಳಿ. ಅದೊಂಗೊ ಒಬಿಯೆರೊ. ಊರು ಅಸೆಂಬೊ. ಅವಳಿಗಳಲ್ಲಿ ಎರಡನೆಯವಳು. ತಾಯಿ ಹೆಸರು ತೆರೆಸಾ ಅವೂರ್. ಕೇಡು ಬರೋದಿದ್ರೆ ಈ ಹಟ್ಟಿಗೆ ಬೇಡ, ನನ್ನ ವಿಳಾಸಕ್ಕೇ ಬರಲಿ. ನೀವು ತಡೆದ್ರಿ, ನಾನು ಕೇಳಲಿಲ್ಲ, ಅದಕ್ಕೆ ಊಕೊ ಅಣ್ಣ ಸಾಕ್ಷಿ. ಈಗ ಕಾಲು ತೆಗೀರಿ."

ಮುದುಕನ ಬಾಯಿ ತೆರೆದುಕೊಂಡಿತು. ಶಾಪಕ್ಕೆ ಯಾರೂ ತಮ್ಮ ಹೆಸರನ್ನು ಹೀಗೆ ಕೈಯಾರೆ ಕೊಟ್ಟದ್ದನ್ನು ಅವನು ತನ್ನ ಎಂಬತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಹೆಸರು ಸಿಕ್ಕ ಮೇಲೆ ಏನು ಮಾಡಬೇಕೆಂದು ತಕ್ಷಣಕ್ಕೆ ಅವನಿಗೆ ಹೊಳೆಯಲಿಲ್ಲ.

"ತೆಗೀರಿ ಅಂತ ಹೇಳ್ತಾ ಅವ್ಳಲ್ಲ, ತೆಗೀರಿ," ಎಂಬ ದನಿ ಅವನ ಹಿಂದಿನಿಂದ ಬಂತು.

ಮುದುಕನ ಮೊದಲ ಹೆಂಡತಿ ನೆರೆಯಾ ಕೆಲಸದವರಿಗೆಂದು ಫ್ಲಾಸ್ಕಿನಲ್ಲಿ ಚಹಾ ಹಿಡಿದು ಏರು ಹತ್ತಿ ಬಂದಿದ್ದಳು. ಮೊಣಕಾಲು ನೋವಿನ ಹೆಂಗಸು. ಪ್ರತಿ ಹೆಜ್ಜೆಗೂ ಒಮ್ಮೆ ನಿಂತು ಬಂದಿದ್ದರಿಂದ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ನೀನು ಸುಮ್ಕಿರು," ಎಂದ ಮುದುಕ.

"ಐವತ್ತು ವರ್ಸದಿಂದ ಸುಮ್ಕಿದ್ದೆ. ಈಗ ಯೋಳ್ತೀನಿ." ಅವಳು ಫ್ಲಾಸ್ಕನ್ನು ನೆಲಕ್ಕಿಟ್ಟು ಸೊಂಟ ನೆಟ್ಟಗೆ ಮಾಡಿದಳು. "ನೀವು ಕೆರಿಚೊಗೆ ಟೀ ಎಲೆ ಕೀಳಕ್ಕೆ ಹೋದ ವರ್ಸ. ಆಲಿಕಲ್ಲು ಬಿತ್ತಲ್ಲ, ಆ ವರ್ಸ. ಮನೆ ಮಾಡು ಕಿತ್ಕಂಡೋಯ್ತು. ಮೂರು ಮಕ್ಳು, ಚಿಕ್ಕದಕ್ಕೆ ಜ್ವರ. ನಿಮ್ಮ ತಮ್ಮ ಒಂಬೊಗೊನ ಕರೆದೆ. ಬಲೆ ಎತ್ಬೇಕು, ಬರೋ ವಾರ ಬತ್ತೀನಿ ಅಂದ. ನಾನೇ ಹತ್ತಿದೆ. ಮಟಮಟ ಮಧ್ಯಾಹ್ನ. ಹುಲ್ಲು ಹೊದಿಸ್ದೆ."

ಊಕೊ ನೆಲದ ಮೇಲಿನ ಹಗ್ಗವನ್ನು ವಿನಾಕಾರಣ ಸುತ್ತತೊಡಗಿದ.

"ಸುಳ್ಳು," ಎಂದ ಮುದುಕ. "ಆ ಮಾಡು ಹೊದಿಸ್ದೋನು ಒಂಬೊಗೊ. ನಾನು ಬಂದು ಅವನಿಗೆ ಅಂಗಿ ಕೊಡಿಸಿದ್ದೀನಿ."

"ಕೊಡಿಸಿದ್ರಿ. ಹಾಕ್ಕಂಡ. ಯಾವತ್ತಾರ ನನ್ ಮೊಕ ನೋಡಿ ಮಾತಾಡಿದ್ನಾ ಆಮ್ಯಾಕೆ?"

"ನನ್ನವ್ವ ಇದ್ಳು ಮನೇಲಿ. ಬಿಡ್ತಿರ್ಲಿಲ್ಲ ಅವಳು."

"ನಿಮ್ಮವ್ವನೇ ಏಣಿ ಹಿಡಿದಿದ್ದು," ಎಂದಳು ನೆರೆಯಾ. "'ಬಿಗಿಯಾಗಿ ಕಟ್ಟು, ಸೋರ್ತದೆ' ಅಂತ ಕೆಳಗಿಂದ ಹೇಳ್ಕೊಟ್ಟಿದ್ದೂ ಅವಳೇ. ಹೇಳ್ಕೊಡೋಕೆ ಅವಳಿಗೆ ಹೆಂಗೆ ಗೊತ್ತಿತ್ತು ಅಂತ ನಾನೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ಆ ಮೂರೂ ಮಕ್ಳು ಬದುಕವ್ರೆ. ಒಬ್ಬಳು ಸ್ಕೂಲಿಗೆ ಹೆಡ್ಡು. ಯಾವುದು ಒಣಗೋಯ್ತು?"

ಗಾಳಿ ಬೀಸಿ ಟವರಿನ ತಂತಿಗಳು ಸಣ್ಣಗೆ ಸದ್ದು ಮಾಡಿದವು. ಮುದುಕ ಹೆಂಡತಿಯನ್ನು, ಅವಳ ಮೊಣಕಾಲನ್ನು, ಮತ್ತೆ ಅವಳ ಮುಖವನ್ನು ನೋಡಿದ. ಐವತ್ತು ವರ್ಷ ಅದೇ ಮಾಡಿನ ಕೆಳಗೆ ಉಂಡು ಮಲಗಿದವನು. ಅವನು ಕುರ್ಚಿಯಿಂದ ಏಳಲಿಲ್ಲ. ಕೋಲನ್ನು ತೊಡೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟು, ಎರಡೂ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ. ಕಂಬಕ್ಕೂ ಕುರ್ಚಿಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟು ಜಾಗವಾಯಿತು.

ಅದೊಂಗೊ ನುಸುಳಿದಳು.

ಮೊದಲ ಹತ್ತು ಮೀಟರನ್ನು ಅವಳು ಸಿಟ್ಟಿನಲ್ಲೇ ಹತ್ತಿದಳು. ಒಂದು ಕೊಕ್ಕೆ ಸಿಕ್ಕಿಸಿ, ಇನ್ನೊಂದನ್ನು ಬಿಡಿಸಿ, ಮೇಲಕ್ಕೆ ಸಿಕ್ಕಿಸಿ, ಹೀಗೆ ಏರುತ್ತ ಹೋದಂತೆ ಉಸಿರು ಒಂದು ಲಯಕ್ಕೆ ಬಂತು. ಇಪ್ಪತ್ತೈದು ಮೀಟರಿಗೆ ಗಾಳಿ ಬದಲಾಯಿತು. ಸರೋವರದಿಂದ ನೇರವಾಗಿ, ತಣ್ಣಗೆ, ಮೀನಿನ ವಾಸನೆ ಹೊತ್ತು ಬಂತು. ಹಟ್ಟಿಯ ಮಾಡುಗಳು ಈಗ ಕೆಳಗಾಗಿದ್ದವು. ತಗಡಿನವು ಹೊಳೆಯುತ್ತಿದ್ದವು. ಅವಳು ಅವುಗಳನ್ನು ಒಂದು ಸಲ ನೋಡಿದಳು, ಮತ್ತೆ ನೋಡಲಿಲ್ಲ.

ಡಿಶ್ಶಿನ ಬಳಿ ಬೆಲ್ಟು ಕಂಬಕ್ಕೆ ಬಿಗಿದುಕೊಂಡು, ಎರಡೂ ಕೈ ಬಿಟ್ಟು ಹಿಂದಕ್ಕೆ ಒರಗಿದಳು. ಅಂಚನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿದಳು. ಎಲ್ಲೂ ಬಗ್ಗಿರಲಿಲ್ಲ. ಮೀಟರು ಸಿಕ್ಕಿಸಿದಳು. ಒಂದೂವರೆ. ಬೋಲ್ಟು ಸಡಿಲಿಸಿ ಡಿಶ್ಶನ್ನು ಎಡಕ್ಕೆ ಕೂದಲೆಳೆಯಷ್ಟು ತಿರುಗಿಸಿದಳು. ಒಂದೂಕಾಲು. ಇನ್ನೂ ಸ್ವಲ್ಪ. ಮುಕ್ಕಾಲು.

"ಬೀಳ್ತಾ ಇದೆ!" ಕೆಳಗಿನಿಂದ ಊಕೊ ಕೂಗಿದ. "ಹಿಂದಕ್ಕೆ ತನ್ನಿ, ಹಿಂದಕ್ಕೆ!"

ಅವಳು ಹಿಂದಕ್ಕೆ ತರಲಿಲ್ಲ. ಇನ್ನಷ್ಟು ತಿರುಗಿಸಿದಳು. ಮೀಟರು ಸೊನ್ನೆಯ ಹತ್ತಿರ ಬಂದು ನಿಂತಿತು. ಇಡೀ ದಿನದಲ್ಲಿ ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಲೆಕ್ಕ ತಪ್ಪಿದ್ದರೆ? ಊಕೊ ಹೇಳಿದ್ದೇ ಸರಿಯಿದ್ದರೆ? ಕೆಳಗೆ ಮೂವರು ಕತ್ತೆತ್ತಿ ನಿಂತಿದ್ದರು. ತಪ್ಪಿದರೆ ಅದು ಒಬ್ಬಳು ಅದೊಂಗೊಳ ತಪ್ಪಾಗಿ ಉಳಿಯುವುದಿಲ್ಲ, ಇನ್ನು ಮುಂದೆ ಯಾವ ಹೆಂಗಸು ಬೆಲ್ಟು ಕೇಳಿದರೂ ಇದೇ ಕಥೆ ಹೇಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊಕೊ ತಪ್ಪಿದಾಗ ತಪ್ಪಿದ್ದು ಡಿಶ್ಶು ಮಾತ್ರ.

ಅವಳು ಕೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಂದು ಬೆರಳಷ್ಟು ಎಡಕ್ಕೆ ತಳ್ಳಿದಳು.

ಅರ್ಧ. ಒಂದು. ಸಂಖ್ಯೆ ಏರತೊಡಗಿತು. ಒಂದೂಮುಕ್ಕಾಲು. ಎರಡೂವರೆ. ಮೂರನ್ನು ದಾಟಿ ಒಂದು ಕ್ಷಣ ನಡುಗಿ ನಿಂತಿತು. ಅವಳು ಉಸಿರು ಬಿಗಿಹಿಡಿದು ಸ್ಪ್ಯಾನರ್ ತಿರುಗಿಸಿದಳು, ಮೊದಲು ಮೇಲಿನದು, ಆಮೇಲೆ ಕೆಳಗಿನದು. ಬಿಗಿಯುವಾಗ ಸಂಖ್ಯೆ ಕದಲಲಿಲ್ಲ.

ಊಕೊ ಕೂಗಲಿಲ್ಲ. ಕೂಗಬೇಕಾಗಲೂ ಇಲ್ಲ. ಒಂದೆರಡು ನಿಮಿಷದೊಳಗೆ ಕೆಳಗಿನ ಹಟ್ಟಿಯಲ್ಲಿ ಒಂದು ಫೋನು ಕಿಣಿಗುಟ್ಟಿತು. ಆಮೇಲೆ ಊಕೊನ ಜೇಬಿನಲ್ಲಿ. ಆಮೇಲೆ ಗುಡ್ಡದ ಬುಡದ ಅಂಗಡಿ ಸಾಲಿನಲ್ಲಿ, ದಡದಲ್ಲಿ, ದೋಣಿಗಳಲ್ಲಿ. ನಾಲ್ಕು ದಿನ ಎಲ್ಲೋ ಸಿಕ್ಕಿಬಿದ್ದಿದ್ದ ಸಂದೇಶಗಳೆಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು. ಗಾಳಿಯಲ್ಲಿ ಅಲ್ಲೊಂದು ಇಲ್ಲೊಂದು ಸದ್ದು ಅವಳವರೆಗೂ ಏರಿ ಬಂತು. ಒಮೆನಾ ಹರವಿದ್ದ ಬಲೆಗಳ ನಡುವೆ ಹೆಂಗಸರು ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು ಜೋರಾಗಿ ಮಾತಾಡುತ್ತಿರುವುದು ಮೇಲಿನಿಂದ ಕಂಡಿತು.

ಅವಳು ಕೆಳಗಿಳಿದಾಗ ಊಕೊ ತನ್ನ ಚಿಕ್ಕ ಪುಸ್ತಕ ತೆರೆದುಕೊಂಡು ನಿಂತಿದ್ದ.

"ಎಷ್ಟು ತಿರುಗಿಸಿದ್ರಿ?"

"ಎಡಕ್ಕೆ, ಹೆಚ್ಚುಕಮ್ಮಿ ನಾಲ್ಕು ಬೆರಳು."

"ಪೂರ್ತಿ ಸತ್ತ ಮೇಲೂ ತಿರುಗಿಸ್ತಾನೇ ಇರಬೇಕು, ಅಲ್ವಾ?"

"ಮುಂದಿನ ಗುಡ್ಡ ಸಿಗೋವರೆಗೂ."

ಅವನು ಬರೆದುಕೊಂಡ. ಆಮೇಲೆ ಅವಳ ಬೆಲ್ಟಿನ ಬೆನ್ನಿನ ಕೊಕ್ಕೆಯನ್ನು ಬಿಡಿಸಿಕೊಟ್ಟ.

ಅಷ್ಟರಲ್ಲಿ ವಫೂಲಾನ ಫೋನು ಬಂತು. "ಲೈನು ಬಂದಿದೆ. ಭೇಷ್. ಊಕೊಗೆ ಕೊಡು, ಅವನಿಗೆ ಹೇಳ್ತೀನಿ."

"ಹತ್ತಿದ್ದು ನಾನು ಸರ್."

"ಕಡತದಲ್ಲಿ ಏನಿತ್ತು?"

"ಇತ್ತು. ಆ ಸಾಲು ಹೊಡೆದು ಹಾಕಿ, ಕೆಳಗೆ ನನ್ನ ಸಹಿ ಹಾಕ್ತಾ ಇದ್ದೀನಿ. ತಾರೀಖಿನ ಸಮೇತ."

"ಸೋಮವಾರ ಆಫೀಸಿಗೆ ಬಾ. ಕೂತು ಮಾತಾಡೋಣ."

"ಸೋಮವಾರ ನನಗೆ ಸಿಯಾಯದಲ್ಲಿ ಟವರಿದೆ ಸರ್, ನೀವೇ ಹಾಕಿರೋದು. ನನ್ನನ್ನ ಟೇಬಲ್ಲಿಗೆ ಕೂರಿಸೋದಿದ್ರೆ ಕಾರಣ ಬರೆದು ಕಳಿಸಿ. 'ಒಂದು ದಿನದಲ್ಲಿ ಕೆಲಸ ಮುಗಿಸಿದಳು' ಅಂತ ಬರೀರಿ. ಚೌಕಟ್ಟು ಹಾಕಿಸಿ ಗೋಡೆಗೆ ತೂಗಿ ಹಾಕ್ಕೊಳ್ತೀನಿ."

"ಬಾಯಿ ಜಾಸ್ತಿಯಾಯ್ತು."

"ಮೇಲೆ ಗಾಳಿ ಜೋರು ಸರ್. ಜೋರಾಗಿ ಮಾತಾಡಿದ್ರೇನೇ ಕೇಳಿಸೋದು."

ವಫೂಲಾ ಫೋನು ಇಟ್ಟ. ಆ ಕಾಗದ ಆ ಸೋಮವಾರವೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಮುಂದಿನ ವರ್ಷ ಕಂಪನಿ ಹೆಂಗಸರ ಅಳತೆಯ ಆರು ಬೆಲ್ಟುಗಳನ್ನು ತರಿಸಿದಾಗ ಯಾರು ಕೇಳಿದ್ದು, ಯಾಕೆ ತರಿಸಿದ್ದು ಎಂದು ಯಾರೂ ಮಾತಾಡಲಿಲ್ಲ. ಆ ಆರೂ ಬೆಲ್ಟು ಹಾಕಿಕೊಳ್ಳುವವರನ್ನು ಆರಿಸಿ ತರಬೇತಿ ಕೊಡುವ ಕೆಲಸ ಮಾತ್ರ ಅದೊಂಗೊಳ ಪಾಲಿಗೆ ಬಂತು.

ಅಂದು ನೆರೆಯಾ ಲೋಟಗಳಿಗೆ ಚಹಾ ಸುರಿಯುತ್ತಿದ್ದಾಗ ಮುದುಕನ ಮೊಮ್ಮಗ ಫೋನು ಮಾಡಿದ. ನೆರೆಯಾ ಒಂದು ಕೈಯಲ್ಲಿ ಫ್ಲಾಸ್ಕು ಹಿಡಿದೇ ಕೇಳಿಸಿಕೊಂಡಳು. "ಹೂಂ. ಹೂಂ. ಹೊಟ್ಟೆ ಕುಯ್ದು ತೆಗೆದ್ರಾ? ಹೂಂ." ಆಮೇಲೆ ಗಂಡನ ಕಡೆ ತಿರುಗಿದಳು. "ಹೆಣ್ಣು. ಇಬ್ರೂ ಚಂದಾಗವ್ರಂತೆ. ನಿನ್ನೆ ಬೆಳಿಗ್ಗೆನೇ ಆಗದೆ."

ಮುದುಕ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಕೈ ತೆಗೆದ ಮೇಲೆ ಅದೊಂಗೊಳ ಕಡೆ ನೋಡಿದ.

"ನಿನ್ನೆ ಅಂದ್ರೆ ಇವಳು ಹತ್ತಕ್ಕೆ ಮುಂಚೆ," ಎಂದ. "ಅದ್ಕೇ ಬಚಾವು."

"ಸರಿ ಅಜ್ಜಾ," ಎಂದಳು ಅದೊಂಗೊ. "ಶಾಪ ಹಾಕಿದ್ರಾ?"

"ಹೆಸರು ಮರ್ತೋಯ್ತು."

"ಇನ್ನೊಂದ್ಸಲ ಹೇಳ್ತೀನಿ, ಬರ್ಕೊಳ್ಳಿ."

"ಚಹಾ ಕುಡಿಯವ್ವಾ, ತಣ್ಣಗಾಯ್ತದೆ."

ದೋಣಿಯವನು ಕೆಳಗಿನಿಂದ ಎರಡು ಸಲ ಸಿಳ್ಳೆ ಹಾಕಿದ. ಊಕೊ ಹಗ್ಗದ ಚೀಲ ಹೊತ್ತುಕೊಂಡ. ಅದೊಂಗೊ ಬೇಲಿಯ ಬೀಗ ಹಾಕಲು ಹೋದಾಗ ನೆರೆಯಾ, "ಅದು ತೆರೆದೇ ಇರಲಿ ಮಗಳೇ, ಬೀಗ ನಾನು ಹಾಕ್ಕತೀನಿ," ಎಂದಳು. ಅದೊಂಗೊ ಅವಳ ಮುಖ ನೋಡಿದಳು, ಟವರನ್ನು ನೋಡಿದಳು, ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟಳು. "ಎರಡನೇ ಮೆಟ್ಟಿಲು ದಾಟಬೇಡಿ ಅಜ್ಜಿ," ಎಂದಳು. "ಬೆಲ್ಟಿಲ್ಲ."

ದೋಣಿ ದಡ ಬಿಟ್ಟು ತಿರುಗಿದಾಗ ಹೊತ್ತು ಇಳಿದಿತ್ತು, ಗುಡ್ಡದ ಮೇಲೆ ಮಾತ್ರ ಇನ್ನೂ ಬಿಸಿಲಿತ್ತು. ಟವರಿನ ಬುಡದಲ್ಲಿ, ಎರಡನೆಯ ಮೆಟ್ಟಿಲ ಮೇಲೆ, ಕಬ್ಬಿಣವನ್ನು ತಬ್ಬಿ ಹಿಡಿದು ನೆರೆಯಾ ನಿಂತಿದ್ದಳು. ಅವಳು ಸೊಂಟಕ್ಕೆ ಸುತ್ತಿದ್ದ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ದೂರದಲ್ಲಿ ಮುದುಕ ತನ್ನ ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಚಹಾ ಕುಡಿಯುತ್ತಿದ್ದ.